ಬಾಣಂತಿ ಓದಬಾರದಂತೆ

ಕೈಯಲ್ಲಿ ಪುಸ್ತಕ ಹಿಡಿದು ಕೂತ ಹೆಂಗಸು ಖಾಲಿ ಕೂತಿದ್ದಾಳೆ ಎಂದು ಈ ಲೋಕಕ್ಕೆ ಮೊದಲು ಹೇಳಿಕೊಟ್ಟವರು ಯಾರು? ಅವರು ಸಿಕ್ಕರೆ ಅವರ ಹತ್ತಿರ ನನಗೆ ಒಂದಿಷ್ಟು ಮಾತಾಡುವುದಿದೆ. ನಮ್ಮ ಮನೆಯಲ್ಲಿ ಯಜಮಾನರು ಬೆಳಿಗ್ಗೆ ಚಹಾದ ಜೊತೆ ಪೇಪರು ಬಿಡಿಸಿದರೆಂದರೆ ಬಾಗಿಲ ತನಕ ಬಂದವರೂ ದನಿ ತಗ್ಗಿಸುತ್ತಾರೆ. ಸಾಹೇಬರು ಪೇಪರು ಓದುತ್ತಿದ್ದಾರೆ, ಆಮೇಲೆ ಬರೋಣ ಎಂದು ತಿರುಗಿ ಹೋಗುತ್ತಾರೆ. ಅದೇ ನಾನು ಮಧ್ಯಾಹ್ನ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಒಂದು ಕಾದಂಬರಿ ಹಿಡಿದು ಕಟ್ಟೆಯ ಮೇಲೆ ಕೂತರೆ ಸಾಕು, ಊರಿಗೆಲ್ಲ ನನ್ನ ಹತ್ತಿರ ಕೆಲಸ ಹುಟ್ಟುತ್ತದೆ. "ಖಾಲಿ ಕುಂತೀರೇನ್ರಿ ಅಕ್ಕಾರ, ಇದೊಂದೀಟು ಮೆಂತ್ಯಾ ಸೋಸ್ರಿ" ಎಂದು ಪಕ್ಕದ ಮನೆಯಾಕೆ ಸೊಪ್ಪಿನ ಕಟ್ಟನ್ನು ತಂದು ನನ್ನ ಪುಸ್ತಕದ ಮೇಲೆಯೇ ಇಡುತ್ತಾಳೆ. ನೆಲದ ಮೇಲಲ್ಲ, ತಟ್ಟೆಯಲ್ಲಲ್ಲ, ನಾನು ಓದುತ್ತಿದ್ದ ಪುಟದ ಮೇಲೆ. ನಾನು ಮಲಗಿ ಗೊರಕೆ ಹೊಡೆಯುತ್ತಿದ್ದರೆ ಆಕೆ ನನ್ನನ್ನು ಖಂಡಿತ ಎಬ್ಬಿಸುತ್ತಿರಲಿಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರೇನೋ ಹೇಳಿದರು. ಆ ಹೊತ್ತಿನಲ್ಲಿ ರೊಟ್ಟಿ ಬಡಿಯುವವರು ಯಾರು ಎಂಬುದನ್ನು ಮಾತ್ರ ಹೇಳದೆ ಹೋದರು.

ನನ್ನ ಈ ಸಿಟ್ಟು ಹೊಸದೇನಲ್ಲ. ಇಷ್ಟು ವರ್ಷ ಒಳಗೊಳಗೇ ಬೂದಿ ಮುಚ್ಚಿಕೊಂಡು ಇತ್ತು. ಅದನ್ನು ಕೆದಕಿದ್ದು ಒಂದು ತಗಡಿನ ಡಬ್ಬಿ. ಇಳಕಲ್ಲಿನಲ್ಲಿರುವ ನನ್ನ ತಂಗಿ ಶಾಂತಾಳ ಮಗಳು ನೀಲಾ ಹಡೆದಿದ್ದಾಳೆ. ಚೊಚ್ಚಲ ಬಾಣಂತನ, ತವರಿನಲ್ಲಿ. ಬಾಣಂತಿಗೆ ಕೊಬ್ಬರಿ, ಉತ್ತತ್ತಿ, ಅಂಟು ಹಾಕಿ ಉಂಡಿ ಕಟ್ಟಿ ಒಯ್ಯುವುದು ದೊಡ್ಡವ್ವನಾದ ನನ್ನ ಪಾಲಿನ ಕೆಲಸ. ಬಾಗಲಕೋಟೆಯ ನವನಗರದ ನಮ್ಮ ಮನೆಯ ಅಟ್ಟದಿಂದ ಹಳೆಯ ಉಂಡಿ ಡಬ್ಬಿಯನ್ನು ಇಳಿಸಿ ಒರೆಸುತ್ತಿದ್ದೆ. ಅಷ್ಟರಲ್ಲಿ ನೀಲಾಳ ಫೋನು ಬಂತು. ದನಿ ಬಾವಿಯೊಳಗಿಂದ ಬಂದಂತೆ ಇತ್ತು.

"ದೊಡ್ಡವ್ವಾ, ಉಂಡಿ ತರತೀ ಖರೆ, ಒಂದ್ ಪುಸ್ತಕಾನೂ ತಾ. ಅವ್ವ ಇದ್ದಬದ್ದ ಪುಸ್ತಕ ಎಲ್ಲಾ ಕಪಾಟಿನ್ಯಾಗ ಇಟ್ಟು ಕೀಲಿ ಹಾಕ್ಯಾಳ. ಬಾಣಂತಿ ಓದಿದ್ರ ಕಣ್ಣು ಹೋಗ್ತಾವಂತ. ಕೂಸಿಗೆ ಹಾಲು ಕೊಡೂದು, ಕತ್ತಲ್ಯಾಗ ಮಕ್ಕೊಳ್ಳೂದು, ಮತ್ತ ಹಾಲು ಕೊಡೂದು. ನನ್ನ ತಲಿಯೊಳಗ ಏನೂ ಉಳಿದಿಲ್ಲ. ನಿನ್ನಿ ಕೂಸಿನ ಪೌಡರ್ ಡಬ್ಬಿ ಮ್ಯಾಲ ಬರದದ್ದು ಓದೀನಿ. ಅದೂ ಎರಡ ಸಲ."

ಇಷ್ಟು ಹೇಳಿ ನಗಲು ಹೋದವಳು ಅತ್ತುಬಿಟ್ಟಳು. ನೀಲಾ ಸುಮ್ಮಸುಮ್ಮನೆ ಅಳುವ ಹುಡುಗಿಯಲ್ಲ. ಹೆರಿಗೆ ನೋವಿನಲ್ಲಿಯೂ ನರ್ಸಿನ ಜೊತೆ ಜೋಕು ಮಾಡಿದವಳು ಎಂದು ಶಾಂತಾಳೇ ಹೇಳಿದ್ದಳು. ಬೇಸಗೆ ಸೂಟಿಗೆ ನನ್ನ ಮನೆಗೆ ಬಂದರೆ ಉಣ್ಣಲು ಕರೆದರೂ ಪುಸ್ತಕ ಬಿಟ್ಟು ಏಳುತ್ತಿರಲಿಲ್ಲ, ಕೊನೆಗೆ ನಾನೇ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದೆ. ಆಕೆಗೆ ಓದಿನ ಹುಚ್ಚು ಹತ್ತಿಸಿದವಳು ನಾನೇ ಎಂಬ ಆರೋಪ ನಮ್ಮ ಬಳಗದಲ್ಲಿದೆ. ಅದನ್ನು ನಾನು ಹೆಮ್ಮೆಯಿಂದ ಒಪ್ಪಿಕೊಂಡಿದ್ದೇನೆ. ಗುಳೇದಗುಡ್ಡದ ಆಕೆಯ ಗಂಡನ ಮನೆಯಲ್ಲಿ ಅತ್ತೆ ಮಗ್ಗದ ಮುಂದೆ ಕೂತು ಖಣ ನೇಯುತ್ತಿದ್ದರೆ ಈಕೆ ಪಕ್ಕದಲ್ಲೇ ಗೋಡೆಗೊರಗಿ ಓದುತ್ತಾಳೆ. ಆ ಅತ್ತೆ ಇವತ್ತಿನವರೆಗೂ ಒಂದು ಮಾತು ಅಂದಿಲ್ಲ. ಅತ್ತೆಯ ಮನೆಯಲ್ಲಿ ಇಲ್ಲದ ಕಟ್ಟುಪಾಡು ತವರಿನಲ್ಲಿ! ನನಗೆ ಮೈಯೆಲ್ಲ ಉರಿದುಹೋಯಿತು. ಡಬ್ಬಿ ಒರೆಸುತ್ತಿದ್ದ ಬಟ್ಟೆಯನ್ನು ಒಗೆದು, ನಾಳೆಯೇ ಬರುತ್ತೇನೆ ಎಂದು ಹೇಳಿದೆ.

ಉಂಡಿಗೆ ಬೆಲ್ಲ ಕರಗಿಸುತ್ತ ನಿಂತಾಗ ಹಳೆಯದೆಲ್ಲ ಒಂದೊಂದಾಗಿ ನೆನಪಿಗೆ ಬಂದು ಸಿಟ್ಟು ಇನ್ನೂ ಹೆಚ್ಚಾಯಿತು.

ನನ್ನ ತವರು ಬಾದಾಮಿ. ಬಾದಾಮಿಯಲ್ಲಿ ಹುಟ್ಟಿದವರಿಗೆ ಕೆಂಪು ಗುಡ್ಡ, ಹೊಂಡ, ಮಂಗ ಇವೆಲ್ಲ ಕಣ್ಣು ಬಿಟ್ಟಾಗಿನಿಂದ ಇರುತ್ತವೆ. ಅವನ್ನು ನೋಡಲು ಜನ ದೂರದಿಂದ ಬರುತ್ತಾರೆ ಎಂಬುದು ದೊಡ್ಡವರಾದ ಮೇಲೆ ತಿಳಿಯುವ ಸುದ್ದಿ. ಬೇಸಗೆಯಲ್ಲಿ ಮಾಳಿಗೆಯ ಮೇಲೆ ಶಾವಿಗೆ, ಹಪ್ಪಳ ಒಣಹಾಕಿದರೆ ಬಡಿಗೆ ಹಿಡಿದು ಮಂಗ ಕಾಯುವ ಕೆಲಸ ನನ್ನದು. ಅದಕ್ಕಿಂತ ಒಳ್ಳೆಯ ಕೆಲಸ ನನಗೆ ಆಮೇಲೆ ಯಾವತ್ತೂ ಸಿಗಲಿಲ್ಲ. ತಲೆಯ ಮೇಲೆ ಒದ್ದೆ ಟವೆಲ್ಲು, ತೊಡೆಯ ಮೇಲೆ ಪುಸ್ತಕ, ಪಕ್ಕದಲ್ಲಿ ಬಡಿಗೆ. ಒಂದು ದಿನ ಕಥೆಯಲ್ಲಿ ಕಳ್ಳ ಸಿಕ್ಕಿಬೀಳುವ ಹೊತ್ತಿಗೆ ಸರಿಯಾಗಿ ಮಂಗಗಳು ಬಂದು ಹಪ್ಪಳ ತಿಂದು ಹೋದವು. ಅವ್ವ ಮಂಗಗಳಿಗೆ ಒಂದು ಮಾತು ಅನ್ನಲಿಲ್ಲ. ಪುಸ್ತಕ ಕಸಿದುಕೊಂಡು ನನ್ನ ಕೈಗೆ ಎಟುಕದ ಗೂಡಿನಲ್ಲಿ ಇಟ್ಟಳು. ಮರುವರ್ಷ ಕಾಯಲು ಶಾಂತಾ ಕೂತಳು. ಅವಳು ಬಡಿಗೆ ತಬ್ಬಿಕೊಂಡು ನಿದ್ದೆ ಹೋದಳು, ಮಂಗಗಳು ಶಾವಿಗೆಯನ್ನೂ ತಿಂದವು. ಆಗ ಅವ್ವ ಏನಂದಳು ಗೊತ್ತೇ? "ಪಾಪ, ಬಿಸಲಿಗೆ ದಣದಿತ್ತು ಕೂಸು." ನೋಡಿ, ನಿದ್ದೆ ಹೋದರೆ ಪಾಪ, ಓದಿದರೆ ತಪ್ಪು. ಮಂಗದ ಹೊಟ್ಟೆಗೆ ಹೋದ ಹಪ್ಪಳ ಎರಡು ಸಲವೂ ಹೋಗಿತ್ತಲ್ಲವೆ? ಇನ್ನೊಮ್ಮೆ ಒಂದು ಮುದಿ ಮಂಗ ನನ್ನ ಪುಸ್ತಕವನ್ನೇ ಎತ್ತಿಕೊಂಡು ಹೋಗಿ ಎದುರು ಮನೆಯ ಮಾಳಿಗೆಯ ಮೇಲೆ ಕೂತು ಹಾಳೆ ತಿರುವಿ ನೋಡಿತು. ಆ ಓಣಿಯಲ್ಲಿ ನನ್ನ ಪುಸ್ತಕಕ್ಕೆ ಕೈ ಹಚ್ಚಿದ ಇನ್ನೊಬ್ಬ ಓದುಗ ಅದೊಂದೇ.

ಮದುವೆಯಾಗಿ ಬಾಗಲಕೋಟೆಗೆ ಬಂದೆ. ಕೆಲಸ ಹುನಗುಂದದಲ್ಲಿ, ಒಂದು ಬ್ಯಾಂಕಿನ ಕೌಂಟರಿನ ಹಿಂದೆ. ದಿನಾ ಹೋಗಿ ಬರುವ ಬಸ್ಸೇ ನನ್ನ ವಾಚನಾಲಯ. ಕಿಟಕಿಯ ಸೀಟು ಸಿಕ್ಕ ದಿನ ನನ್ನಷ್ಟು ಶ್ರೀಮಂತಳು ಜಿಲ್ಲೆಯಲ್ಲಿ ಯಾರೂ ಇರುತ್ತಿರಲಿಲ್ಲ. ಆದರೆ ಅಲ್ಲಿಯೂ ಬಿಡುವವರು ಯಾರು? ಪಕ್ಕದಲ್ಲಿ ಕೂತವರು ಒಂದೆರಡು ಊರು ದಾಟುವ ತನಕ ತಡೆದುಕೊಂಡು ಆಮೇಲೆ ಕೇಳಿಯೇ ಕೇಳುತ್ತಿದ್ದರು, ಯಾವ ಪರೀಕ್ಷೆಗೆ ಕೂತಿದ್ದೀರಿ ಎಂದು. ಯಾವುದೂ ಇಲ್ಲ, ಸುಮ್ಮನೆ ಓದುತ್ತಿದ್ದೇನೆ ಎಂದರೆ ಅವರ ಮುಖದಲ್ಲಿ ಒಂದು ಅನುಮಾನ. ಸುಮ್ಮನೆ ಯಾರಾದರೂ ಓದುತ್ತಾರೆಯೆ? ಏನೋ ಮುಚ್ಚಿಡುತ್ತಿದ್ದಾಳೆ. ಕೊನೆಗೆ ಬೇಸತ್ತು ಹೌದು, ಪರೀಕ್ಷೆ ಇದೆ ಎಂದುಬಿಟ್ಟೆ. ಅದು ಇನ್ನೂ ಕೆಟ್ಟಿತು. ದಿನದ ಪ್ರಯಾಣಿಕರೆಲ್ಲ ರಿಸಲ್ಟು ಬಂತೇ ಎಂದು ಕೇಳತೊಡಗಿದರು. ವರ್ಷಗಟ್ಟಲೆ ಕೇಳಿದರು. ನಾನು ನಿವೃತ್ತಳಾದ ದಿನ ಆ ಬಸ್ಸಿನ ಹಳೆಯ ಕಂಡಕ್ಟರು ನನಗೆ ಟಿಕೀಟು ಹರಿದು ಕೊಡುತ್ತ ಮರುಕದಿಂದ, "ಹೋಗ್ಲಿ ಬಿಡ್ರಿ ಮೇಡಮ್ಮಾರ, ನಸೀಬದಾಗ ಇರಬೇಕು. ನೀವಂತೂ ಓದಾಕ ಏನೂ ಕಮ್ಮಿ ಮಾಡ್ಲಿಲ್ಲ" ಎಂದರು. ಹುನಗುಂದದ ರಸ್ತೆಯಲ್ಲಿ ನಾನು ಇವತ್ತಿಗೂ ಜೀವನಪೂರ್ತಿ ಓದಿ ಫೇಲಾದ ಹೆಂಗಸು.

ಮನೆಯಲ್ಲಿ ಓದುವುದಂತೂ ಕಳ್ಳತನವೇ ಸರಿ. ರೊಟ್ಟಿ ಬಡಿಯಲು ಎರಡೂ ಕೈ ಬೇಕು, ಆಗ ಆಗುವುದಿಲ್ಲ. ಕುಕ್ಕರಿನ ಸೀಟಿ ಆಗುವ ತನಕ ಒಂದೆರಡು ಪುಟ. ಹಾಲಿನ ಮುಂದೆ ನಿಂತರೆ ಅರ್ಧ ಪುಟ. ಹಾಲು ಅರ್ಧ ಪುಟದ ನಡುವೆಯೇ ಉಕ್ಕುತ್ತದೆ, ಪೂರ್ಣವಿರಾಮಕ್ಕೆ ಅದು ಕಾಯುವುದಿಲ್ಲ. ಮಹಾಕೂಟಕ್ಕೆ ಹೋದಾಗ ಮನೆಯವರೆಲ್ಲ ಹೊಂಡದಲ್ಲಿ ಇಳಿದು ಸ್ನಾನ ಮಾಡುವಾಗ ಅವರ ಬಟ್ಟೆ ಕಾಯುವ ಕೆಲಸವನ್ನು ನಾನೇ ಕೇಳಿ ಪಡೆಯುತ್ತೇನೆ. ನನ್ನ ಭಕ್ತಿ ಕಡಿಮೆ ಎಂದು ಅತ್ತೆಯವರು ನೊಂದುಕೊಂಡಿದ್ದರು. ನನ್ನ ಪುಸ್ತಕಗಳನ್ನು ಯಾರಿಗಾದರೂ ಓದಲು ಕೊಟ್ಟರೆ ಅರಿಸಿನದ ಬೆರಳಿನ ಗುರುತು ನೋಡಿ ಇದನ್ನು ಯಾವ ಅಡುಗೆ ಮಾಡುವಾಗ ಓದಿದೆ ಎಂದು ಅವರು ಹೇಳಬಹುದು.

ಹೀಗೆ ಕದ್ದು ಕದ್ದು ಓದುವ ಹೆಂಗಸಿಗೆ ಜೀವಮಾನದಲ್ಲಿ ಒಮ್ಮೆಯೋ ಎರಡು ಸಲವೋ ದೇವರು ಕಣ್ಣು ತೆರೆದು ನೋಡುತ್ತಾನೆ. ಅದೇ ಬಾಣಂತನ. ಒಲೆಯ ಮುಂದೆ ಹೋಗುವಂತಿಲ್ಲ, ನೀರು ಮುಟ್ಟುವಂತಿಲ್ಲ, ಕಸ ಹೊಡೆಯುವಂತಿಲ್ಲ. ತಿಂಗಳುಗಟ್ಟಲೆ ಹೊರಸಿನ ಮೇಲೆ ಬಿಸಿಬಿಸಿ ಊಟ ಬರುತ್ತದೆ. ಕೂಸು ಹಾಲು ಕುಡಿದು ಮಲಗಿದರೆ ಇಡೀ ಮಧ್ಯಾಹ್ನ ನಮ್ಮದು. ಕಾದಂಬರಿ ಓದಲೆಂದೇ ಹೇಳಿ ಮಾಡಿಸಿದ ಕಾಲ. ಅಂಥ ಹೊತ್ತಿನಲ್ಲಿ ನಮ್ಮ ಹಿರಿಯರು ಮಾಡಿಟ್ಟ ನಿಯಮವೇನು? ಬಾಣಂತಿ ಓದಬಾರದು. ಹಸಿ ಮೈ, ಹಸಿ ಕಣ್ಣು, ಅಕ್ಷರ ನೋಡಿದರೆ ನರ ಸಡಿಲಾಗಿ ದೃಷ್ಟಿ ಹೋಗುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದರೆ ಇದೇ. ಕಿಟಕಿ ಮುಚ್ಚಿ, ಕಿವಿಗೆ ಹತ್ತಿಯ ಅರಳಿ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಹೊರಸಿನ ಕೆಳಗೆ ಕೆಂಡ ಇಟ್ಟು ಮಲಗಿಸುತ್ತಾರೆ. ಅದರ ಮೇಲೆ ಹಾಲು ಚೆನ್ನಾಗಿ ಬರಲು ಮನಸ್ಸು ಖುಷಿಯಾಗಿರಬೇಕು ಎಂದು ಉಪದೇಶ ಬೇರೆ.

ನನ್ನ ಮೊದಲ ಬಾಣಂತನದಲ್ಲಿ ನಾನು ಹುಚ್ಚಿಯಾಗದೆ ಉಳಿದದ್ದು ಶಾಂತಾಳಿಂದ. ಅವಳು ಆಗ ಕಾಲೇಜಿನ ಹುಡುಗಿ. ನಾನು ಬಸುರಿಯಿದ್ದಾಗ ಒಂದು ವಾರಪತ್ರಿಕೆಯಲ್ಲಿ ಬರುತ್ತಿದ್ದ ಧಾರಾವಾಹಿ ನನ್ನ ಪಾಲಿಗೆ ಅರ್ಧಕ್ಕೆ ನಿಂತಿತ್ತು. ನಾಯಕಿ ರೈಲು ಹತ್ತಿದ್ದಳು, ಎಲ್ಲಿ ಇಳಿದಳೋ ನನಗೆ ತಿಳಿದಿರಲಿಲ್ಲ. ಶಾಂತಾ ಪಕ್ಕದ ಮನೆಯಿಂದ ಆ ಪತ್ರಿಕೆ ಬೇಡಿ ತಂದು, ಧಾರಾವಾಹಿಯ ಹಾಳೆಗಳನ್ನು ಬಿಡಿಸಿ, ಇದೇ ಉಂಡಿ ಡಬ್ಬಿಯ ತಳಕ್ಕೆ ಹಾಸಿ, ಮೇಲೆ ಉಂಡಿ ಜೋಡಿಸಿ ಒಳಗೆ ಕಳಿಸುತ್ತಿದ್ದಳು. ಅವ್ವನೇ ತನ್ನ ಕೈಯಾರೆ ತಂದು ಕೊಡುತ್ತಿದ್ದಳು. ನಾನು ಎಷ್ಟು ಬೇಗ ಉಂಡಿ ತಿಂದರೆ ಅಷ್ಟು ಬೇಗ ಕಥೆ. ಬಾಗಿಲ ಸಂದಿಯ ಬೆಳಕಿಗೆ ತುಪ್ಪ ಹೀರಿದ ಹಾಳೆ ಹಿಡಿದರೆ ಈ ಬದಿಯ ಅಕ್ಷರವೂ ಆ ಬದಿಯ ಅಕ್ಷರವೂ ಒಟ್ಟಿಗೇ ಕಾಣುತ್ತಿದ್ದವು. ಉಂಡಿ ಇಷ್ಟು ಲಗೂ ತೀರುತ್ತಿವೆ, ಮಗಳಿಗೆ ಮೈ ಹಿಡಿಯುತ್ತಿದೆ ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದಳು. ಮೈಯಂತೂ ಹಿಡಿಯಿತು, ಇವತ್ತಿಗೂ ಇಳಿದಿಲ್ಲ.

ಅಂಥ ಶಾಂತಾ ಈಗ ತನ್ನ ಮಗಳ ಪುಸ್ತಕಕ್ಕೆ ಕೀಲಿ ಹಾಕಿದ್ದಾಳೆ!

ಮರುದಿನ ಇಳಕಲ್ಲಿನ ಬಸ್ಸು ಹಿಡಿದೆ. ಡಬ್ಬಿಯ ತುಂಬ ಉಂಡಿ; ಕೂಸಿಗೆಂದು ಹಳೆಯ ಸೀರೆಯ ತುಂಡು ಜೋಡಿಸಿ ನಾನೇ ಹೊಲಿದ ಒಂದು ಸಣ್ಣ ಕೌದಿ; ಆ ಕೌದಿಯ ಮಡಿಕೆಯೊಳಗೆ ಒಂದು ಕಾದಂಬರಿ. ಮನೆಯೊಳಗೆ ಕಾಲಿಟ್ಟ ಕೂಡಲೇ ಶಾಂತಾ ನೀರು ಕೊಟ್ಟಳು, ಆಮೇಲೆ ಡಬ್ಬಿ ಇಸಿದುಕೊಂಡು ಉಂಡಿಗಳನ್ನೆಲ್ಲ ಪರಾತದಲ್ಲಿ ಸುರಿದು ಡಬ್ಬಿಯ ತಳಕ್ಕೆ ಕೈ ಹಾಕಿ ನೋಡಿದಳು. ಹಾವಿನ ಹೆಜ್ಜೆ ಹಾವೇ ಬಲ್ಲದು. ತಳ ಖಾಲಿ. ನಾನು ಒಳಗೊಳಗೇ ನಕ್ಕೆ. ಆದರೆ ನನ್ನ ಗ್ರಹಚಾರ, ಕೂಸಿಗೆ ಹೊದಿಸಲು ಕೌದಿ ತೆಗೆದುಕೊಂಡವಳು ಧೂಳಿರುತ್ತದೆ ಎಂದು ಅದನ್ನು ಒಮ್ಮೆ ಜಾಡಿಸಿದಳು. ಪುಸ್ತಕ ದಪ್ಪನೆ ನೆಲಕ್ಕೆ ಬಿತ್ತು, ಕೂಸು ಬೆಚ್ಚಿ ಎದ್ದು ಅಳತೊಡಗಿತು.

"ಕೂಸಿನ ಕೌದ್ಯಾಗ ಇಟ್ಕೊಂಡು ಬಂದೀ ಅಲ್ಲ ಅಕ್ಕಾ" ಎಂದಳು ಶಾಂತಾ. ದನಿಯೇರಿಸಲಿಲ್ಲ. ಅವಳು ದನಿ ಏರಿಸದಿದ್ದರೆ ನನಗೆ ಇನ್ನೂ ಸಿಟ್ಟು.

ನಾನು ಶುರು ಮಾಡಿದೆ. ಡಬ್ಬಿಯ ತಳಕ್ಕೆ ಹಾಳೆ ಹಾಸಿ ನನಗೆ ಓದಿಸಿದವಳು ನೀನಲ್ಲವೆ ಎಂದೆ. ಆಗ ತನಗೆ ಬುದ್ಧಿ ಇರಲಿಲ್ಲ, ಅದರಿಂದಲೇ ನಿನ್ನ ಕಣ್ಣೂ ಕೆಟ್ಟವು ಎಂದು ನನ್ನ ಮೂಗಿನ ಮೇಲಿನ ಕನ್ನಡಕವನ್ನೇ ತೋರಿಸಿದಳು. ನಲವತ್ತು ದಾಟಿದ ಮೇಲೆ ಊರ ಮಂದಿಗೆಲ್ಲ ಬರುವ ಕನ್ನಡಕ ಇದು, ನಿನ್ನ ಗಂಡನಿಗೂ ಇದೆ, ಆತ ಯಾವಾಗ ಬಾಣಂತಿಯಾಗಿದ್ದ ಎಂದು ಕೇಳಿದೆ. ಒಳಗೆ ಹೊರಸಿನ ಮೇಲಿದ್ದ ನೀಲಾ ಅರಳಿಯ ಮೂಲಕವೂ ಅದನ್ನು ಕೇಳಿಸಿಕೊಂಡು ನಕ್ಕಳು. ದಿನಾ ಬಳಗದವರೆಲ್ಲ ಮೊಬೈಲಿನಲ್ಲಿ ಕೂಸು ನೋಡಬೇಕೆಂದು ಈ ಹುಡುಗಿಯ ಮುಖಕ್ಕೆ ಅದನ್ನು ಹಿಡಿದು ಗಂಟೆಗಟ್ಟಲೆ ಮಾತಾಡಿಸುತ್ತೀರಲ್ಲ, ಅದರಿಂದ ಕಣ್ಣು ಹೋಗುವುದಿಲ್ಲವೆ ಎಂದೆ. ಅದರಲ್ಲಿ ಆಕೆ ಮುಖ ನೋಡುತ್ತಾಳೆ, ಅಕ್ಷರ ಅಲ್ಲ, ಕಣ್ಣು ಕಳೆಯುವುದು ಅಕ್ಷರ ಎಂಬ ಉತ್ತರ ಬಂತು.

ಆಗ ಶಾಂತಾ ತನ್ನ ಕನ್ನಡಕ ತೆಗೆದಳು. ಅದರ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ. ಕನ್ನಡಕವಿಲ್ಲದ ಅವಳ ಕಣ್ಣುಗಳು ಸಣ್ಣಗೆ, ಏನನ್ನೋ ಹುಡುಕುವ ಹಾಗೆ ಕಂಡವು.

"ಇಕೀನ್ನ ಹಡದಾಗ ನಾನೂ ಕದ್ದು ಓದಿದ್ನಕ್ಕಾ. ಅತ್ತಿ ನೋಡಿದ್ರು, ಓದಬ್ಯಾಡ ಕಣ್ಣು ಕಳ್ಕೋತೀ ಅಂದ್ರು. ನಾ ಕೇಳಲಿಲ್ಲ. ಈಗ ನೋಡು, ಮೊಮ್ಮಗಳ ಮಾರಿ ಕಾಣಬೇಕಂದ್ರ ಇದನ್ನ ಹುಡುಕಬೇಕು. ನನಗ ಆದದ್ದು ನನ್ನ ಮಗಳಿಗೆ ಆಗೂದು ಬ್ಯಾಡ."

ನನ್ನ ಸಿಟ್ಟಿಗೆ ಎಲ್ಲಿಗೆ ಹೋಗಬೇಕೋ ತಿಳಿಯಲಿಲ್ಲ. ಯಾಕೆಂದರೆ ಶಾಂತಾಳ ಕಣ್ಣು ಏತರಿಂದ ಹೋದವೆಂದು ನನಗೆ ಗೊತ್ತು. ಅವಳ ಗಂಡನ ಮನೆಯಲ್ಲಿ ಮಗ್ಗಗಳಿದ್ದವು. ಇಳಕಲ್ ಸೀರೆಯ ಒಡಲು ಬೇರೆ, ಸೆರಗು ಬೇರೆ. ಒಡಲಿನ ಒಂದೊಂದು ಎಳೆಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಕೂಡಿಸಬೇಕು. ಆ ಕೆಲಸಕ್ಕೆ ಈ ಮನೆಯಲ್ಲಿ ಶಾಂತಾಳನ್ನು ಕೂರಿಸಿದರು. ಕಪ್ಪು ಎಳೆ, ಮಂದ ಬಲ್ಬು, ಬಗ್ಗಿಸಿದ ತಲೆ. ಮದುವೆಯಾದ ವರ್ಷದಿಂದ ಮೊನ್ನೆ ಮೊನ್ನೆಯ ತನಕ. ಆ ಕಣ್ಣನ್ನು ನೂಲು ತಿಂದಿತು. ಕೆಟ್ಟ ಹೆಸರು ಮಾತ್ರ ಬಾಣಂತನದಲ್ಲಿ ಕದ್ದು ಓದಿದ ಎರಡು ಪುಸ್ತಕಕ್ಕೆ ಬಂತು. ಅಷ್ಟು ವರ್ಷದಲ್ಲಿ ಈ ಮನೆಯ ಒಬ್ಬರಾದರೂ ಶಾಂತಾ, ಸಾಕು ಏಳು, ಕಣ್ಣು ಹೋದಾವು ಎಂದಿದ್ದರೆಯೆ? ಇದನ್ನೆಲ್ಲ ಅವಳ ಮುಂದೆ ಹೇಳಿಯೇಬಿಟ್ಟೆ. ಎಳೆ ನೋಡಿದರೆ ಹೋಗದ ಕಣ್ಣು ಅಕ್ಷರ ನೋಡಿದರೆ ಹೋಗುತ್ತದೆಯೆ ಎಂದು ಕೇಳಿದೆ.

ಶಾಂತಾ ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡಳು. "ಕೆಲಸದಿಂದ ಯಾರ ಕಣ್ಣೂ ಹೋಗೂದಿಲ್ಲಕ್ಕಾ" ಎಂದಳು.

ಅಳು ಬಂತು, ಅದನ್ನು ಸಿಟ್ಟು ಎಂದು ತೋರಿಸಿಕೊಂಡು ಗೋಡೆಯ ಕಡೆ ತಿರುಗಿ ಕೂತೆ.

ದಾರಿ ತೋರಿಸಿದವಳು ನೀಲಾ. ಹೊರಸಿನ ಮೇಲಿಂದಲೇ ಸಣ್ಣ ದನಿಯಲ್ಲಿ ತಾಯಿಯನ್ನು ಕೇಳಿದಳು, ಶ್ರಾವಣದಲ್ಲಿ ಮಠಕ್ಕೆ ದಿನಾ ಪುರಾಣ ಕೇಳಲು ಹೋಗುತ್ತೀಯಲ್ಲ, ಕೇಳಿದರೆ ಕಣ್ಣು ಹೋಗುತ್ತವೆಯೆ ಎಂದು. ಕೇಳಿದರೆ ಯಾಕೆ ಹೋಗುತ್ತವೆ, ಕೇಳಿದರೆ ಪುಣ್ಯ ಎಂದಳು ಶಾಂತಾ. ಹಾಗಾದರೆ ದೊಡ್ಡವ್ವ ಓದಲಿ, ನಾನು ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ ಎಂದಳು ಮಗಳು. ಶಾಂತಾ ಇದರಲ್ಲಿ ಮೋಸ ಎಲ್ಲಿದೆ ಎಂದು ಹುಡುಕಿದಳು, ಸಿಗಲಿಲ್ಲ. ಕಿವಿಯ ಅರಳಿಯ ಬಗ್ಗೆ ಮಾತ್ರ ಬಿಗಿಯಾಗಿ ನಿಂತಳು. ಕೊನೆಗೆ ಗೋಡೆಯ ಕಡೆಯ ಕಿವಿಯ ಅರಳಿ ತೆಗೆಯಬಹುದು, ಬಾಗಿಲ ಕಡೆಯದು ಇರಬೇಕು ಎಂದು ತೀರ್ಮಾನವಾಯಿತು. ಹೀಗಾಗಿ ನಾನು ಹೊರಸಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ನನ್ನ ಈ ದೇಹವನ್ನು ತುರುಕಿಕೊಂಡು ಕೂತೆ. ಕತ್ತಲೆಯಲ್ಲಿ ನನಗೆ ಅಕ್ಷರ ಕಾಣಲಿಲ್ಲ. ಶಾಂತಾ ಗೊಣಗುತ್ತ ಎದ್ದು ಕಿಟಕಿಯ ಒಂದು ಬಾಗಿಲು ತೆರೆದಳು. ಆ ಕೋಣೆಗೆ ಎಷ್ಟೋ ದಿನದ ಮೇಲೆ ಬೆಳಕು ಬಂತು. ಆಗಲೇ ನಾನು ನೀಲಾಳ ಮುಖವನ್ನು ಸರಿಯಾಗಿ ನೋಡಿದ್ದು. ಬತ್ತಿಹೋಗಿತ್ತು. ಎರಡು ಅಧ್ಯಾಯ ಓದಿದೆ. ಅವಳು ಕಣ್ಣು ಮುಚ್ಚಿರಲಿಲ್ಲ, ಬಿಟ್ಟುಕೊಂಡು ಕಿಟಕಿಯನ್ನು ನೋಡುತ್ತಿದ್ದಳು.

ಕೊನೆಯ ಬಸ್ಸಿಗೆ ನಾನು ಹೊರಡಲೇಬೇಕಿತ್ತು, ಮರುದಿನ ಮನೆಗೆ ಬೀಗರು ಬರುವವರಿದ್ದರು. ಪುಸ್ತಕವನ್ನು ಶಾಂತಾಳ ಕೈಗಿಟ್ಟು ಮುಂದಿನದು ನಿನ್ನ ಪಾಳಿ ಎಂದೆ. ತಾನು ಪುಸ್ತಕ ಹಿಡಿದು ಯಾವ ಕಾಲವಾಯಿತೋ ಎಂದು ಅವಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಕೆಂಡ ಹಿಡಿದವಳ ಹಾಗೆ ಹಿಡಿದಿದ್ದಳು.

ಒಂದಿಷ್ಟು ದಿನ ಕಳೆದು ನೀಲಾಳ ಫೋನು ಬಂತು. ದನಿ ಬಾವಿಯಿಂದ ಮೇಲೆ ಬಂದಿತ್ತು, ನಗು ತಡೆಯಲಾಗುತ್ತಿರಲಿಲ್ಲ. ಅವ್ವ ದಿನಾ ಊಟವಾದ ಮೇಲೆ ಕಿಟಕಿ ತೆಗೆದು ಓದುತ್ತಾಳೆ, ಆದರೆ ಅವ್ವ ಓದುವ ಕಥೆಯೇ ಬೇರೆ ಎಂದಳು. ಆ ಕಾದಂಬರಿ ನನಗೆ ಬಾಯಿಪಾಠ. ಹೊಳೆದಂಡೆಯ ಊರಿನ ಒಬ್ಬ ಸಾಲಿ ಮಾಸ್ತರ ಹೊಳೆ ದಾಟುವಾಗ ದೋಣಿ ಮಗುಚಿ ಸಾಯುತ್ತಾನೆ. ಅಲ್ಲಿಂದ ಮುಂದೆ ಅವನ ಹೆಂಡತಿಯ ಕಥೆ. ಶಾಂತಾ ಏನು ಮಾಡಿದ್ದಾಳೆ? ಬಾಣಂತಿಯ ಮುಂದೆ ಸಾವಿನ ಸುದ್ದಿ ಹೇಳಬಾರದೆಂದು ಆ ಮಾಸ್ತರನಿಗೆ ಈಜು ಕಲಿಸಿದ್ದಾಳೆ! ಅವನು ಕೆಳಗಿನ ಊರಿನಲ್ಲಿ ದಂಡೆ ಹತ್ತಿ, ಯಾರದೋ ಮನೆಯಲ್ಲಿ ರೊಟ್ಟಿ, ಝುಣಕ ಉಂಡು, ಬಸ್ಸು ಹಿಡಿದು ಮನೆಗೆ ಬಂದನಂತೆ. ಆ ಕಥೆ ನಡೆಯುವ ಕಾಲಕ್ಕೆ ಆ ಸೀಮೆಯಲ್ಲಿ ಬಸ್ಸೇ ಇರಲಿಲ್ಲ. ಮುಂದಿನ ಅಧ್ಯಾಯಗಳಲ್ಲಿ ಹೆಂಡತಿ ಒಂದೇ ಸಮನೆ ಅಳುತ್ತಾಳಲ್ಲ, ಗಂಡ ಬಂದ ಮೇಲೂ ಯಾಕೆ ಅಳುತ್ತಾಳೆ ಎಂದು ನೀಲಾ ಬೇಕೆಂದೇ ಕೇಳಿದಳಂತೆ. ಆಕೆಗೆ ಹಲ್ಲು ನೋವು ಎಂದಳಂತೆ ಶಾಂತಾ.

ನಾನು ಉರಿದುಬಿದ್ದೆ. ಆ ಲೇಖಕ ಎಷ್ಟು ಕಷ್ಟಪಟ್ಟು, ಎಷ್ಟು ಪುಟ ಮೋಡ ಕವಿಸಿ, ಗಾಳಿ ಬೀಸಿಸಿ ಆ ಮಾಸ್ತರನನ್ನು ಮುಳುಗಿಸಿದ್ದಾನೆ! ಆ ಸಾವು ಓದಿ ನಾನು ಹುನಗುಂದದ ಬಸ್ಸಿನಲ್ಲಿ ಬಿಕ್ಕಿ ಬಿಕ್ಕಿ ಅತ್ತಾಗ, ಪರೀಕ್ಷೆಯಲ್ಲಿ ಫೇಲಾದಳೆಂದು ಜನ ನನಗೆ ಸಮಾಧಾನ ಹೇಳಿದ್ದರು. ಅಂಥ ಸಾವನ್ನು ಅಳಿಸಿಹಾಕಲು ಶಾಂತಾ ಯಾರು? ಈಗಲೇ ಅವಳಿಗೆ ಫೋನು ಕೊಡು ಎಂದೆ.

"ಬ್ಯಾಡ ದೊಡ್ಡವ್ವಾ, ನಿನ್ನ ಕೈ ಮುಗೀತೀನಿ, ಏನೂ ಅನಬ್ಯಾಡ" ಎಂದಳು ನೀಲಾ. "ಅವ್ವ ಓದತಾ ಓದತಾ ನಿದ್ದಿ ಹೋಗತಾಳ. ಪುಸ್ತಕ ನನ್ನ ಹೊರಸಿನ ಮ್ಯಾಲ, ಕಿಟಕಿ ತಗದದ್ದು ತಗದಂಗ. ಆಕಿ ಏಳೂತನಕ ನಾ ಓದತೀನಿ. ಒಂದ ಪುಸ್ತಕದಾಗ ನನಗ ಎರಡ ಕಥಿ ಸಿಕ್ಕಾವು."

ಶಾಂತಾ ಹಗಲು ನಿದ್ದೆ ಮಾಡುವವಳೇ ಅಲ್ಲ. ಮಾಳಿಗೆಯ ಮೇಲೆ ಮಂಗ ಕಾಯುವ ವಯಸ್ಸು ದಾಟಿದ ಮೇಲೆ ಅವಳು ಮಧ್ಯಾಹ್ನ ಕಣ್ಣು ಮುಚ್ಚಿದ್ದನ್ನು ನಾನಂತೂ ಕಂಡಿಲ್ಲ. ಜ್ವರ ಬಂದಾಗಲೂ ಕೊಂಡಿ ಹಾಕುತ್ತ ಕೂತಿರುತ್ತಿದ್ದಳು. ಈ ಮಾತನ್ನು ನೀಲಾಳಿಗೆ ಹೇಳಲಿಲ್ಲ.

ನಿನ್ನೆ ಶಾಂತಾಳೇ ಫೋನು ಮಾಡಿದಳು. ಕೂಸಿನ ಸುದ್ದಿ, ಬಾಣಂತಿಗೆ ಮಾಡುವ ಅಳವಿ ಪಾಯಸದ ಸುದ್ದಿ, ಬೀಗರ ಸುದ್ದಿ ಎಲ್ಲ ಮುಗಿದ ಮೇಲೂ ಫೋನು ಇಡಲಿಲ್ಲ. ಕೊನೆಗೆ ಹೇಳಿದಳು, "ಅಕ್ಕಾ, ಆ ಪುಸ್ತಕ ಮುಗೀತು. ಇನ್ನೊಂದ ಕಳಸು. ಆದರ ಈ ಸಲ ಯಾರೂ ಸಾಯದಂಥಾದ್ದು ನೋಡಿ ಕಳಸು. ನನಗ ಭಾಳ ತ್ರಾಸ ಆತು."

ನಿನ್ನೆಯಿಂದ ನಾನು ಕಪಾಟಿನ ಮುಂದೆ ನೆಲದ ಮೇಲೆ ಕೂತಿದ್ದೇನೆ. ಈಗ ನನ್ನ ಸಿಟ್ಟೆಲ್ಲ ನಮ್ಮ ಬರಹಗಾರರ ಮೇಲೆ. ಜೀವಮಾನವೆಲ್ಲ ಉಳಿಸಿ, ಕಾದು, ಜತನ ಮಾಡಿ ಇಟ್ಟ ಪುಸ್ತಕಗಳು ಇವು. ಒಂದರಲ್ಲಿಯಾದರೂ ಎಲ್ಲರೂ ಬದುಕಿರಬಾರದೆ? ಒಬ್ಬರು ಮೊದಲ ಪುಟದಲ್ಲೇ ಹೆಣ ಇಳಿಸುತ್ತಾರೆ. ಇನ್ನೊಬ್ಬರು ನಾಯಕನನ್ನು ಮದುವೆಯ ಹಿಂದಿನ ದಿನ ಕೊಲ್ಲುತ್ತಾರೆ. ಮಗದೊಬ್ಬರಿಗೆ ಮನುಷ್ಯರು ಸಾಲದೆ ಎತ್ತೂ ಸಾಯಬೇಕು. ಇವರನ್ನೆಲ್ಲ ಓದಿ ಕಣ್ಣೀರು ಹಾಕಿ ದೊಡ್ಡ ಪುಸ್ತಕ, ದೊಡ್ಡ ಪುಸ್ತಕ ಎಂದು ಹೊಗಳಿದ್ದವಳು ನಾನು. ಒಂದೊಂದನ್ನೂ ತೆಗೆದು, ಸಾವು ಹುಡುಕಿ, ಬೈದು, ಬದಿಗೆ ಇಡುತ್ತಿದ್ದೇನೆ.

ಇವತ್ತು ಸಂಜೆ ಒಂದು ಸಿಕ್ಕಿತು. ಅದರಲ್ಲಿಯೂ ಒಬ್ಬಳು ಸಾಯುತ್ತಾಳೆ. ಹಣ್ಣುಹಣ್ಣಾದ ಮುದುಕಿ, ಮೊಮ್ಮಕ್ಕಳನ್ನೆಲ್ಲ ಮಾತಾಡಿಸಿ, ನಿದ್ದೆಯಲ್ಲೇ ಹೋಗುತ್ತಾಳೆ, ಪುಸ್ತಕ ಮುಗಿಯಲು ಎರಡು ಪುಟ ಇದ್ದಾಗ. ನಾಳೆ ಅದನ್ನೇ ಇಳಕಲ್ಲಿಗೆ ಒಯ್ಯುತ್ತೇನೆ. ಒಬ್ಬಳೇ ಮುದುಕಿಯಲ್ಲವೆ, ಶಾಂತಾ ಉಳಿಸಿಕೊಳ್ಳುತ್ತಾಳೆ.